ತಾನಾಗೇ ಲೈಟ್ ಹತ್ತುವ ಫೋನು

“ಮೇಷ್ಟ್ರೇ, ಈ ಫೋನಿಗೆ ಏನೋ ಆಗೈತೆ. ಸುಮ್‌ಸುಮ್ನೆ ತಾನಾಗೇ ಲೈಟ್ ಹತ್ತಿಸ್ಕಂತೈತೆ, ತಾನಾಗೇ ಆರಿಸ್ಕಂತೈತೆ. ಒಂಚೂರು ನೋಡ್ರಿ.”

ಹೋದ ವಾರ ಒಂದು ಸಂಜೆ ರುದ್ರಣ್ಣ ನಮ್ಮ ಮನೆ ಜಗಲಿ ಮೇಲೆ ಕೂತು, ಕರ್ಚೀಫಿನಲ್ಲಿ ಸುತ್ತಿ ತಂದಿದ್ದ ಮೊಬೈಲನ್ನು ಬಿಚ್ಚುತ್ತಾ ಹೇಳಿದ.

“ಸೌಂಡ್ ಬರುತ್ತಾ?” ಅಂದೆ.

“ಸೌಂಡಿಲ್ಲ, ಏನಿಲ್ಲ. ಬರೀ ಲೈಟು. ಗಲ್ಲಾಪೆಟ್ಟಿಗೆ ಮೇಲೆ ಇಟ್ಟಿರ್ತೀನಿ, ಪಳಕ್ ಅಂತ ಹತ್ತುತೈತೆ. ಕನ್ನಡಕ ಹುಡುಕೋ ಹೊತ್ತಿಗೆ ಆರೋಗಿರ್ತೈತೆ. ನಮ್ಮ ಮನೆಯಾಕೆ ನಿಂಬೆಹಣ್ಣು ನಿವಾಳಿಸಿ ಬಿಸಾಕಿದ್ಲು. ಆದ್ರೂ ನಿಲ್ಲವಲ್ದು.”

(ಮೊಬೈಲ್ ಸೆಟ್ಟಿನ ಜೊತೆ ಕೊಡುವ ಪುಸ್ತಕವನ್ನು ನಾನು ಪೂರ್ತಿ ಓದಿದ್ದೇನೆ. ನಿಂಬೆಹಣ್ಣಿನ ಬಗ್ಗೆ ಅದರಲ್ಲಿ ಏನೂ ಹೇಳಿಲ್ಲ.)

ನನ್ನ ಹತ್ತಿರವೇ ಯಾಕೆ ಬಂದ ಅಂತ ಕೇಳ್ತೀರಾ? ಹಿರಿಯೂರಿನಲ್ಲಿ ನನಗೆ ‘ಸೆಟ್ ಡಾಕ್ಟ್ರು’ ಅಂತ ಹೆಸರು ಬಿದ್ದುಬಿಟ್ಟಿದೆ. ಕಾಲೇಜಿನಲ್ಲಿ ನಾನು ಹೇಳೋದು ಇತಿಹಾಸ. ಮೊಬೈಲಿನ ವಿಷಯದಲ್ಲಿ ನನಗೆ ಗೊತ್ತಿರೋ ಔಷಧಿ ಒಂದೇ. ಬ್ಯಾಟರಿ ತೆಗೆದು, ಅಂಗಿಗೆ ಒರೆಸಿ, ವಾಪಸ್ ಹಾಕೋದು. ಮುಕ್ಕಾಲು ಪಾಲು ಕಾಯಿಲೆ ಅದರಲ್ಲೇ ವಾಸಿಯಾಗುತ್ತೆ. ಉಳಿದದ್ದಕ್ಕೆ “ಇದು ಕಂಪನಿ ಪ್ರಾಬ್ಲಮ್ಮು” ಅಂದರೆ ಆಯಿತು. ಜನ ತಲೆಯಾಡಿಸಿ, ಕಾಫಿ ಕುಡಿದು ಹೋಗುತ್ತಾರೆ. ಕಾಫಿ ಮಾಡುವ ನನ್ನ ಹೆಂಡತಿಗೆ ಮಾತ್ರ ನನ್ನ ಡಾಕ್ಟರಿಕೆ ಮೇಲೆ ಮೊದಲಿನಿಂದಲೂ ನಂಬಿಕೆ ಇಲ್ಲ.

ಆದರೆ ರುದ್ರಣ್ಣನ ಫೋನಿನ ಕಥೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರುದ್ರಣ್ಣ, ಅವನ ತಮ್ಮ ತಿಪ್ಪೇಶ. ಇಬ್ಬರೂ ಮತ್ತೋಡಿನ ಕಡೆಯವರು. ಹಿರಿಯೂರಿನ ಹೈವೇ ಪಕ್ಕ ತೆಂಗಿನಕಾಯಿ ವ್ಯಾಪಾರ. ಒಂದೇ ಅಂಗಡಿ, ಒಂದೇ ಅಡುಗೆಮನೆ, ಒಂದೇ ಸ್ಕೂಟರು. ಸಂಜೆ ಅಂಗಡಿ ಶಟರ್ ಎಳೆದು, ಎದುರಿಗಿನ ಹೋಟೆಲಿನಲ್ಲಿ ಒಂದೇ ಟೀ ಹೇಳಿ, ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುತ್ತಿದ್ದರು. ಜಿಪುಣತನ ಅಂತ ನಾವೆಲ್ಲ ನಗುತ್ತಿದ್ದೆವು. ಈಗ ನೆನೆಸಿಕೊಂಡರೆ ಅದು ಜಿಪುಣತನ ಅಲ್ಲ ಅನ್ನಿಸುತ್ತೆ.

ಇನ್‌ಕಮಿಂಗ್ ಫ್ರೀ ಆದ ಹೊಸದರಲ್ಲಿ ಇಬ್ಬರಿಗೂ ಮೊಬೈಲ್ ಹುಚ್ಚು ಹತ್ತಿತು. ಸೆಟ್ ಆರಿಸಲು ನನ್ನನ್ನೇ ಚಿತ್ರದುರ್ಗಕ್ಕೆ ಎಳೆದುಕೊಂಡು ಹೋದರು. “ಬರ್ರಿ ಮೇಷ್ಟ್ರೇ, ಹೋಗಾಣ” ಅಂತ ಸ್ಕೂಟರಿನಲ್ಲಿ ಮೂರನೆಯವನಾಗಿ ಕೂರಿಸುವ ಪ್ಲಾನೂ ಇತ್ತು. ನಾನು ಬಸ್ಸಿಗೆ ಹೋಗೋಣ ಅಂದೆ.

ಅಂಗಡಿಯಲ್ಲಿ ಶುರುವಾಯಿತು ನೋಡಿ. ರುದ್ರಣ್ಣನಿಗೆ ಟಾರ್ಚ್ ಇರೋ ಸೆಟ್ಟೇ ಬೇಕು. ತಿಪ್ಪೇಶನಿಗೆ ಕಲರ್ ಬೇಕು, ಕ್ಯಾಮೆರಾ ಬೇಕು.

“ಲೇ, ತೆಂಗಿನಕಾಯಿ ಮಾರೋನಿಗೆ ಕ್ಯಾಮೆರಾ ಯಾಕೋ? ಕಾಯಿದು ಫೋಟೋ ತೆಗೀತೀಯಾ?”

“ಟಾರ್ಚ್ ಬೇಕಂದ್ರೆ ಟಾರ್ಚೇ ತಗಾ. ಅದ್ರಾಗೆ ಹಲೋ ಅನ್ನು, ಕೇಳ್ತದೆ.”

ಅಂಗಡಿಯವನು ಒಂದೊಂದೇ ಸೆಟ್ ತೆಗೆದು ಗಾಜಿನ ಮೇಲೆ ಸಾಲಾಗಿ ಇಟ್ಟ. ನಾನು ಗಂಭೀರವಾಗಿ ಒಂದೊಂದನ್ನೇ ಕಿವಿಗಿಟ್ಟು ನೋಡಿದೆ. (ಸಿಮ್ ಇಲ್ಲದ ಫೋನನ್ನು ಕಿವಿಗಿಟ್ಟರೆ ಏನು ಕೇಳುತ್ತೆ? ಏನೂ ಇಲ್ಲ. ಆದರೆ ಎಕ್ಸ್‌ಪರ್ಟು ಅನ್ನಿಸಿಕೊಂಡವನು ಇಷ್ಟಾದರೂ ಮಾಡಬೇಕಲ್ಲ.) ಕೊನೆಗೆ ಅಣ್ಣನೇ ಸೋತ. “ಅವನಿಗೆ ಬೇಕಾದ್ದೇ ಕೊಡಪ್ಪ, ಇಲ್ದಿದ್ರೆ ದಾರಿ ಉದ್ದಕ್ಕೂ ಮುಖ ಊದಿಸ್ಕಂಡು ಬರ್ತಾನೆ” ಅಂದ. ಕಲರ್ ಸೆಟ್ ಬಂತು.

ಒಂದು ಸೆಟ್ಟು, ಒಂದು ನಂಬರು, ಇಬ್ಬರಿಗೂ ಸೇರಿ. ಬೋರ್ಡಿನ ಮೇಲೆ ನಂಬರ್ ಬರೆಸಿದರು. ತಿಪ್ಪೇಶ ಹಗಲೆಲ್ಲ ಕೂತು ಹೆಸರುಗಳನ್ನು ಅದರಲ್ಲಿ ತುಂಬಿದ. ಕೊಬ್ಬರಿ ಶೆಟ್ರು, ಲಾರಿ ಬಸಣ್ಣ, ಮಾಡದಕೆರೆ ಗೌಡ್ರು. ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ರುದ್ರಣ್ಣನಿಗೆ ಇಂಗ್ಲಿಷ್ ಓದಲು ಬರಲ್ಲ, ಅಂಕಿ ಮಾತ್ರ ಗೊತ್ತು. ಅದರಿಂದ ತೊಂದರೆಯೇನೂ ಇರಲಿಲ್ಲ. ಫೋನ್ ಬಂದರೆ ತಿಪ್ಪೇಶ ನೋಡಿ “ಅಣ್ಣಾ, ಲಾರಿ ಬಸಣ್ಣ” ಅಂತ ಕೂಗಿ ಸೆಟ್ ಕೊಡುತ್ತಿದ್ದ. ರುದ್ರಣ್ಣ ಎತ್ತಿದ ತಕ್ಷಣ “ಹೇಳಪ್ಪಾ ಬಸಣ್ಣ” ಅನ್ನುತ್ತಿದ್ದ. ಆ ಕಡೆಯವನಿಗೆ ಖುಷಿಯೋ ಖುಷಿ. ರುದ್ರಣ್ಣನಿಗೆ ನಮ್ಮ ಮೇಲೆ ಎಷ್ಟು ಪ್ರೀತಿ, ಹಲೋ ಅನ್ನೋ ಮೊದಲೇ ಗುರುತು ಹಿಡೀತಾನೆ ಅಂತ!

ಆಮೇಲೆ ಇಬ್ಬರೂ ಬೇರೆಯಾದರು.

ಯಾಕೆ? ಅಣ್ಣತಮ್ಮಂದಿರು ಯಾಕೆ ಬೇರೆಯಾಗುತ್ತಾರೆ? ಅಣ್ಣನನ್ನು ಕೇಳಿದರೆ ಒಂದು ಕಾರಣ, ತಮ್ಮನನ್ನು ಕೇಳಿದರೆ ಇನ್ನೊಂದು. ಎರಡನ್ನೂ ಕೇಳಿದ್ದೇನೆ, ಎರಡೂ ನಿಜವೇ ಅನ್ನಿಸಿದೆ. ಮತ್ತೋಡಿನಿಂದ ಹಿರಿಯರು ಬಂದು ಕೂತು ಪಾಲು ಮಾಡಿದರು. ತೋಟದ ಪಾಲು ಆಯಿತು, ಅಂಗಡಿ ಅಣ್ಣನಿಗೆ ಆಯಿತು, ಸ್ಕೂಟರು ತಮ್ಮನಿಗೆ ಆಯಿತು. ಕೊನೆಗೆ ಉಳಿದದ್ದು ಮೊಬೈಲು. ಹಿರಿಯರೊಬ್ಬರು ಬಹಳ ಹೊತ್ತು ಮೀಸೆ ತಿರುವಿ ತೀರ್ಪು ಕೊಟ್ಟರು: “ನಂಬರು ಅಣ್ಣಂಗೆ, ಸೆಟ್ಟು ತಮ್ಮಂಗೆ.”

ಎಲ್ಲರೂ ಭೇಷ್ ಅಂದರು. ಹಸು ಒಬ್ಬನಿಗೆ ಹಗ್ಗ ಇನ್ನೊಬ್ಬನಿಗೆ ಕೊಟ್ಟ ಹಾಗೆ. ಸಿಮ್ಮು ಅಣ್ಣನ ಜೇಬಿಗೆ ಹೋಯಿತು. ಹೆಸರುಗಳೆಲ್ಲ ಸೆಟ್ಟಿನೊಳಗೇ ಉಳಿದು ತಮ್ಮನ ಜೊತೆ ಹೊಳಲ್ಕೆರೆಗೆ ಹೋದವು. ತಿಪ್ಪೇಶ ಅಲ್ಲಿ ಬೇರೆ ಅಂಗಡಿ ಹಾಕಿ ಹೊಸ ನಂಬರ್ ತೆಗೆದುಕೊಂಡ.

ಈಗ ತಮಾಷೆ ನೋಡಿ. ಆ ಸೆಟ್ಟಿನಲ್ಲಿ ಊರಿನವರೆಲ್ಲರ ನಂಬರ್ ಇತ್ತು. ಅಣ್ಣನ ಹೆಸರಲ್ಲಿ ಒಂದು ನಂಬರೂ ಇರಲಿಲ್ಲ. ತಮ್ಮನ ಹೆಸರಲ್ಲೂ ಇರಲಿಲ್ಲ. ಒಂದೇ ಫೋನಿನಲ್ಲಿ ಮಾತಾಡುವವರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಯಾಕೆ ಬೇಕು?

ಕೆಲವು ತಿಂಗಳ ಹಿಂದೆ ತಿಪ್ಪೇಶ ಹೊಳಲ್ಕೆರೆಯಿಂದ ನನಗೆ ಫೋನ್ ಮಾಡಿದ್ದ. ಸೆಟ್ಟಿನಲ್ಲಿ ಕಾಲ್ ಸರಿಯಾಗಿ ಹೋಗುತ್ತಾ ಅಂತ ಚೆಕ್ ಮಾಡಬೇಕಂತೆ. ನಂಬರ್ ಸೇವ್ ಮಾಡಿಕೊಂಡೆ. ಸುಮ್ಮನೆ ಅದೂ ಇದೂ ಮಾತಾಡಿದ. ಸೆಟ್ಟಿಗೆ ಏನೂ ಆಗಿಲ್ಲ, ಇವನಿಗೆ ಬೇರೇನೋ ಆಗಿದೆ ಅಂತ ನನಗೂ ಗೊತ್ತಾಯಿತು.

“ಅಣ್ಣನ ಜೊತೆ ಮಾತಾಡ್ತಿದೀಯಾ?” ಅಂದೆ.

“ಎರಡ್ಮೂರು ಸಲ ಮಾಡ್ದೆ ಮೇಷ್ಟ್ರೇ. ಎತ್ತಿದ. ‘ಯಾರು?’ ಅಂದ. ಇಟ್ಬಿಟ್ಟೆ.”

“ಹೊಸ ನಂಬರ್ ಅಲ್ವೇನಪ್ಪ, ಅವನಿಗೆ ಹೇಗೆ ಗೊತ್ತಾಗಬೇಕು? ‘ನಾನು’ ಅನ್ನಬೇಕಿತ್ತು.”

“ಊರಿಗೆಲ್ಲ ‘ಹೇಳಪ್ಪಾ’ ಅಂತಿದ್ದ. ನಂಗೆ ‘ಯಾರು’ ಅಂತಾನೆ. ಅಣ್ಣಂಗೂ ನಾನು ಯಾರು ಅಂತ ಹೇಳ್ಕಬೇಕಾ?” ಆಮೇಲೆ ಸೇರಿಸಿದ. “ಇದನ್ನ ಅವನಿಗೆ ಹೇಳ್ಬ್ಯಾಡ್ರಿ ಮತ್ತೆ.”

ಹೇಳಬೇಡ ಅಂದ. ಹೇಳಲಿಲ್ಲ.

ಈಗ ಮತ್ತೆ ನಮ್ಮ ಜಗಲಿಗೆ ಬನ್ನಿ. ರುದ್ರಣ್ಣನ ಫೋನ್ ನನ್ನ ಕೈಯಲ್ಲಿತ್ತು. ಈ ಸಲ ಅವನು ತನ್ನಿಷ್ಟದ ಟಾರ್ಚ್ ಸೆಟ್ಟನ್ನೇ ತೆಗೆದುಕೊಂಡಿದ್ದ. ಬ್ಯಾಟರಿ ತೆಗೆದೆ, ಒರೆಸಿದೆ, ಹಾಕಿದೆ. ಆನ್ ಮಾಡಿದೆ. ಚೆನ್ನಾಗೇ ಇತ್ತು.

“ಯಾವಾಗ ಹತ್ತುತ್ತೆ ಈ ಲೈಟು?”

“ದಿನಾ ಅಂತ ಏನಿಲ್ಲ. ಹತ್ತಿದ್ರೆ ಸಂಜೀಕೇ. ಅಂಗಡಿ ಶಟರ್ ಎಳೆಯೋ ಹೊತ್ತಿಗೆ.”

ಹಾಗಂದು ಅವನು ಕಾಫಿ ಲೋಟಕ್ಕೆ ಕೈ ಹಾಕಿದ್ದ ಅಷ್ಟೇ. ನನ್ನ ಅಂಗೈಯಲ್ಲಿ ಪಳಕ್ಕನೆ ಲೈಟ್ ಹತ್ತಿತು. ಸೌಂಡಿಲ್ಲ, ನಡುಕವಿಲ್ಲ. ಸ್ಕ್ರೀನಿನ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು. ಓದಿದೆ. ತಪ್ಪು ಓದಿದೆನೇನೋ ಅಂತ ಮತ್ತೆ ಓದಿದೆ.

ಎತ್ತಬೇಡ.

ನಾನು ಗರಬಡಿದವನ ಹಾಗೆ ನೋಡುತ್ತಿರುವಾಗಲೇ ಲೈಟ್ ಆರಿತು.

“ರುದ್ರಣ್ಣ, ‘ಎತ್ತಬೇಡ’ ಅಂತ ಯಾರ ಹೆಸರು ಹಾಕಿಸಿದೀಯ?”

“ಓ ಅದಾ? ಒಂದು ನಂಬರು ಬಾಳ ಕಾಟ ಕೊಡ್ತಿತ್ತು. ಎತ್ತಿ ಯಾರು ಅಂದ್ರೆ ಮಾತೇ ಆಡಂಗಿಲ್ಲ, ಕಟ್. ರೀಚಾರ್ಜ್ ಮಾಡೋ ಅಂಗಡಿಯೋನಿಗೆ ಹೇಳ್ದೆ. ಆತ ಅದೇನೋ ಹೆಸರು ಹಾಕಿ, ಅದೊಂದಕ್ಕೆ ಸೌಂಡ್ ತೆಗೆದ್ನಂತೆ. ಅವತ್ತಿಂದ ಆ ಕಾಟ ನಿಂತೋಯ್ತು. ಆದ್ರೆ ಈ ಲೈಟಿನ ಕಾಟ ಶುರುವಾತು ನೋಡ್ರಿ.”

ಎರಡೂ ಒಂದೇ ಕಾಟ ಅಂತ ಅವನಿಗೆ ಹೊಳೆದೇ ಇರಲಿಲ್ಲ.

ಆ ನಂಬರನ್ನು ತೆಗೆದು ನನ್ನ ಫೋನಿನಲ್ಲಿ ಒತ್ತಿದೆ. ಕೊನೆಯ ಅಂಕಿ ಒತ್ತಿ ಹಸಿರು ಬಟನ್ ಮುಟ್ಟಿದ ಕೂಡಲೇ ಹೆಸರು ಬಂತು. ತಿಪ್ಪೇಶ ಹೊಳಲ್ಕೆರೆ. ತಕ್ಷಣ ಕಟ್ ಮಾಡಿದೆ. ಹೇಳಬೇಡ ಅಂದಿದ್ದ, ನಿಜ. ಇನ್ನು ಹೇಳದೆ ಇರುವುದು ನನ್ನ ಕೈಲಾಗಲಿಲ್ಲ.

“ರುದ್ರಣ್ಣ, ಇದು ಸೆಟ್ಟಿನ ಕಾಯಿಲೆ ಅಲ್ಲಪ್ಪ. ನಿನ್ನ ತಮ್ಮ ಫೋನ್ ಮಾಡ್ತಿದಾನೆ.”

ಅವನು ಕಾಫಿ ಲೋಟವನ್ನು ಕೆಳಗಿಟ್ಟ. ನನ್ನ ಮುಖ ನೋಡಿದ, ಫೋನ್ ನೋಡಿದ.

“ತಿಪ್ಪೇಶೀನಾ?”

“ಹೂಂ.”

“ಇಷ್ಟು ದಿನಾನೂ?”

“ಹೂಂ.”

“ಥೂ, ಎಂಥ ಕೆಲ್ಸ ಆತಲ್ಲ... ಬೇಕಂತಲೇ ಎತ್ತಲ್ಲ ಅಂದ್ಕಂಡಿರ್ತಾನೆ.” ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬೆವರಿಗಲ್ಲ. “ಮೊದ್ಲು ಆ ಹೆಸರು ಅಳಿಸ್ರಿ ಮೇಷ್ಟ್ರೇ.”

ಅಳಿಸಿದೆ. ಒಂದೊಂದೇ ಅಕ್ಷರ ಹಿಂದಿನಿಂದ ಹೋಯಿತು. ಜಾಗ ಖಾಲಿಯಾಗಿ ಕಡ್ಡಿಯೊಂದು ಮಿನುಗುತ್ತಾ ನಿಂತಿತು.

“ಏನಂತ ಹಾಕ್ಲಿ? ತಿಪ್ಪೇಶ ಅಂತಲಾ?”

“ಬ್ಯಾಡ... ‘ತಮ್ಮ’ ಅಂತ ಹಾಕ್ರಿ.”

ಹಾಕಿದೆ. ಇರುವುದರಲ್ಲೇ ಜೋರಾದ ರಿಂಗ್‌ಟೋನ್ ಆರಿಸಿದೆ. ಜೀವಮಾನದಲ್ಲಿ ಮೊದಲ ಸಲ ಒಂದು ಫೋನನ್ನು ನಿಜವಾಗಿ ರಿಪೇರಿ ಮಾಡಿದೆ ಅನ್ನಿಸಿತು. ಎಷ್ಟು ಸಂತೋಷ ಆಯಿತು ಅಂದರೆ, ಒಳಗಿದ್ದ ಹೆಂಡತಿಯನ್ನು ಕೂಗಿ ಇನ್ನೊಂದು ರೌಂಡ್ ಕಾಫಿ ಹೇಳಿದೆ.

“ಈಗ್ಲೇ ಮಾಡು” ಅಂದೆ. ನಾನೇ ಡಯಲ್ ಮಾಡಿ ಅವನ ಕೈಗೆ ಕೊಟ್ಟೆ. ಅವನು ಕಿವಿಗಿಟ್ಟುಕೊಂಡು ಎದ್ದು ನಿಂತ. ಫೋನಿನಲ್ಲಿ ಮಾತಾಡಲು ರುದ್ರಣ್ಣ ಎದ್ದು ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

ಟಾರ್ಚ್ ಸೆಟ್ಟಿನ ವಾಲ್ಯೂಮ್ ನಿಮಗೆ ಗೊತ್ತಲ್ಲ. ಆ ಕಡೆ ರಿಂಗ್ ಆಗುವುದು ನನಗೂ ಕೇಳುತ್ತಿತ್ತು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಎತ್ತಿದರು.

“ಹಲೋ.”

ತಿಪ್ಪೇಶನ ದನಿಯೇ. ರುದ್ರಣ್ಣ ಬಾಯಿ ತೆರೆದ, ಮತ್ತೆ ಮುಚ್ಚಿದ. ನಾನು ಕೈಸನ್ನೆ ಮಾಡಿ “ಮಾತಾಡು, ಮಾತಾಡು” ಅಂದೆ.

“ಹಲೋ...” ಅಂತು ಆ ದನಿ ಮತ್ತೆ. ಸ್ವಲ್ಪ ಹೊತ್ತು ಬಿಟ್ಟು, “ಯಾರು?”

ಯೋಚನೆ ಮಾಡಿ. ಅದು ಯಾರ ನಂಬರ್ ಅಂತ ತಿಪ್ಪೇಶನಿಗೆ ಗೊತ್ತಿರಲಿಲ್ಲವೇ? ಆ ನಂಬರ್ ನಿನ್ನೆ ಮೊನ್ನೆಯವರೆಗೆ ಅವನದೂ ಆಗಿತ್ತು. ಬೋರ್ಡಿಗೆ ಬರೆಸಿದವನೇ ಅವನು. ಗೊತ್ತಿದ್ದೇ ಕೇಳಿದ. ತಾನು ನುಂಗಿದ್ದನ್ನು ಅಣ್ಣನೂ ಒಂದು ಸಲ ನುಂಗಲಿ ಅಂತ ಕೇಳಿದನೋ, ಅಣ್ಣನ ಬಾಯಿಂದ “ನಾನು ಕಣೋ” ಅಂತ ಕೇಳುವ ಆಸೆಗೆ ಕೇಳಿದನೋ, ನಾನು ಹೇಗೆ ಹೇಳಲಿ?

ರುದ್ರಣ್ಣ ಫೋನನ್ನು ಕಿವಿಯಿಂದ ತೆಗೆದ. ಕೆಂಪು ಬಟನ್ ಹುಡುಕಿ ಒತ್ತಿದ. ಕರ್ಚೀಫಿನಲ್ಲಿ ನಿಧಾನವಾಗಿ ಸುತ್ತಿದ.

“ಯಾಕೋ ಇಟ್ಟೆ?” ನನಗೆ ಸಿಟ್ಟೇ ಬಂತು.

“ರಾಂಗ್ ನಂಬರ್ ಮೇಷ್ಟ್ರೇ” ಅಂದ. ಎರಡನೇ ಕಾಫಿ ಬರುವ ಮೊದಲೇ ಗೇಟು ದಾಟಿದ್ದ.

ಆಮೇಲೆ ನಾನು ತಿಪ್ಪೇಶನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ‘ಎತ್ತಬೇಡ’ ಅನ್ನೋ ಹೆಸರಿನ ಕಥೆಯನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡ. “ಸರಿ ಬಿಡ್ರಿ. ಆತನೇ ಮಾಡಿ ಮಾತಾಡ್ಲಿ ಈಗ” ಅಂದ. ರುದ್ರಣ್ಣನಿಗೆ ಅದನ್ನು ದಾಟಿಸಿದೆ. “ಅವನೇ ಮಾಡ್ತಾನೆ ಬಿಡ್ರಿ, ಇಷ್ಟು ದಿನ ಮಾಡ್ತಿದ್ನಲ್ಲ” ಅಂದ. ಇಬ್ಬರಿಗೂ ಮಾತಾಡುವ ಆಸೆ ಇದೆ. ಮೊದಲು ಮಾತಾಡುವ ಆಸೆ ಯಾರಿಗೂ ಇಲ್ಲ. ಸಿಗ್ನಲ್ ಹಿರಿಯೂರಿನಲ್ಲೂ ಚೆನ್ನಾಗಿದೆ, ಹೊಳಲ್ಕೆರೆಯಲ್ಲೂ ಚೆನ್ನಾಗಿದೆ. ಇದಕ್ಕೆ ಯಾವ ಬ್ಯಾಟರಿ ತೆಗೆದು ಒರೆಸಲಿ?

ಫೋನ್ ಕೊಳ್ಳುವಾಗ ನಾವು ಎಷ್ಟೆಲ್ಲ ಕೇಳುತ್ತೇವೆ. ಕ್ಯಾಮೆರಾ ಇದೆಯಾ, ರೇಡಿಯೋ ಇದೆಯಾ, ಚಾರ್ಜ್ ಎಷ್ಟು ದಿನ ನಿಲ್ಲುತ್ತೆ, ಕೆಳಗೆ ಬಿದ್ದರೆ ಒಡೆಯುತ್ತಾ? ಆವತ್ತು ಚಿತ್ರದುರ್ಗದ ಅಂಗಡಿಯಲ್ಲಿ ಅಣ್ಣತಮ್ಮ ಜಗಳವಾಡಿದ್ದೇ ನನಗೆ ಪದೇ ಪದೇ ನೆನಪಾಗುತ್ತದೆ. ಪಕ್ಕಪಕ್ಕದಲ್ಲಿ ನಿಂತು ಎಷ್ಟು ಜೋರಾಗಿ ಮಾತಾಡುತ್ತಿದ್ದರು! ಫೋನೇ ಬೇಕಿರಲಿಲ್ಲ ಅವರಿಗೆ.

ನಿನ್ನೆ ಸಂಜೆ ರುದ್ರಣ್ಣನ ಅಂಗಡಿ ಮುಂದೆ ಹೋಗುತ್ತಿದ್ದೆ. ಶಟರ್ ಅರ್ಧ ಎಳೆದಿತ್ತು. ಗಲ್ಲಾಪೆಟ್ಟಿಗೆ ಮೇಲೆ ಫೋನು. ಕನ್ನಡಕವನ್ನು ಈ ಸಲ ಮೊದಲೇ ಹಾಕಿಕೊಂಡಿದ್ದ. ಇನ್ನೆಲ್ಲೂ ನೋಡದೆ ಫೋನನ್ನೇ ನೋಡುತ್ತಾ ಕೂತಿದ್ದ. ಎದುರಿಗೆ ಒಂದು ಲೋಟ ಟೀ ಆರುತ್ತಿತ್ತು.

“ಹೇಗಿದೆ ಸೆಟ್ಟು?” ಅಂದೆ.

“ಸರಿಹೋತು ಮೇಷ್ಟ್ರೇ” ಅಂದ. “ಈಗ ಲೈಟ್ ಹತ್ತಂಗೇ ಇಲ್ಲ.”

ನೀವೇ ಹೇಳಿ, “ನಾನು ಕಣೋ” ಅನ್ನುವುದಕ್ಕೆ ಎಷ್ಟು ಬ್ಯಾಲೆನ್ಸ್ ಬೇಕು?