ಗೋಣಿಯ ಮೇಲೆ ಇಡೀ ಚಾಳು

ನಿನ್ನೆ ಬೊರಿವಲಿಯ ನಮ್ಮ ಬಿಲ್ಡಿಂಗಿನ ಕೆಳಗಿನ ಕಿರಾಣಿ ಅಂಗಡಿಯಲ್ಲಿ ಹೊಸ ಗೋಣಿಚೀಲ ಬಿಚ್ಚುತ್ತಿದ್ದರು. ಆ ಸಣಬಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಬೇಳೆ ಕೊಳ್ಳುವುದನ್ನು ಮರೆತು ನಿಂತುಬಿಟ್ಟೆ. ಅಂಗಡಿಯವ "ಆಜಿ, ಕಾಯ್ ಪಾಹಿಜೆ?" ಎಂದ. ಏನು ಬೇಕೆಂದು ಹೇಳಲಿ? ವಯಸ್ಸಾದ ಮೇಲೆ ನನಗೆ ಮೂಗೊಂದೇ ಚುರುಕಾಗಿ ಉಳಿದಿದೆ, ಅದೂ ಬೇಡದ ಹೊತ್ತಿನಲ್ಲಿ.

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ, ವಿಲೆ ಪಾರ್ಲೆಯ ಒಂದೊಂದೇ ಖೋಲಿಯ ಮನೆಗಳ ಚಾಳಿಗೆ ಬಂದೆ. ನಮ್ಮವರು ಪೇಟೆಯ ಫೋರ್ಟ್ ಭಾಗದ ಒಂದು ಕಚೇರಿಯಲ್ಲಿ ಗುಮಾಸ್ತರು. ಹುಡುಗ ಚಿತ್ರ ಬರೀತಾನೆ ಎಂದು ಅಪ್ಪ ಹೇಳಿದ್ದರು. ನವಿಲು, ಕಮಲ, ಪುಣ್ಯವಿದ್ದರೆ ನನ್ನದೊಂದು ಮುಖ ಎಂದುಕೊಂಡು ಬಂದವಳು ನಾನು. ನೋಡಿದರೆ ಗೋಣಿತಟ್ಟು, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಮರಳು.

"ಇದರಾಗ ಏನೈತ್ರಿ?" ಎಂದು ಕೇಳಿದೆ.

"ಏನೂ ಇಲ್ಲ. ನೋಡೂದು, ಅಷ್ಟ" ಎಂದರು.

ಇದ್ದ ಒಂದೇ ಖೋಲಿಯಲ್ಲಿ ಅರ್ಧ ಜಾಗ ಈ 'ಏನೂ ಇಲ್ಲ'ಕ್ಕೇ ಹೋಗಿತ್ತು. ನನ್ನ ಸಿಟ್ಟು ನೀವೇ ಊಹಿಸಿಕೊಳ್ಳಿ.

ಆದರೆ ಫೋರ್ಟಿನ ಒಂದು ಗ್ಯಾಲರಿಯಲ್ಲಿ ತಮ್ಮದೊಂದು ಚಿತ್ರ ತೂಗಬೇಕೆಂದು ಅವರಿಗೆ ಜೀವದಾಸೆ. ಊಟದ ಬಿಡುವಿನಲ್ಲಿ ಅದರ ಬಾಗಿಲ ಮುಂದೆ ಹೋಗಿ ನಿಂತು ಬರುತ್ತಿದ್ದರಂತೆ. ಒಯ್ದು ಕೊಟ್ಟ ಚಿತ್ರಗಳೆಲ್ಲ ತಿರುಗಿ ಬಂದಿದ್ದವು. ಹಾಗೆ ಬಂದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ.

ಒಂದು ಬೇಸಗೆಯಲ್ಲಿ ಒಳಗೆ ಹಿಡಿಸದಷ್ಟು ದೊಡ್ಡ ಗೋಣಿತಟ್ಟು ತಂದು ಚಾಳಿನ ವರಾಂಡದಲ್ಲಿ ಹಾಸಿದರು. ಹೋಗಿಬರುವವರೆಲ್ಲ ದಾಟಲೇಬೇಕು, ದಾಟಿದವರೆಲ್ಲ ಒಂದು ಮಾತು ಆಡಲೇಬೇಕು. ನಮ್ಮವರು ಕಟ್ಟಳೆ ಮಾಡಿದರು: ಮಾತಾಡಿದವರು ಏನಾದರೊಂದು ತಂದು ಇದಕ್ಕೆ ಸೇರಿಸಬೇಕು. ಕೆಳಗಿನ ಖೋಲಿಯ ಶೆಟ್ಟರು, ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲು ಇಟ್ಟಿದ್ದವರು, "ಎಂತದು ಮಾರಾಯ್ರೆ, ಹೆಂಚಿಗೆ ಹಿಡಿದ ದೋಸೆ ಹಾಗೆ ಉಂಟಲ್ಲ" ಎಂದು ನಕ್ಕರು. ಮರುದಿನ ಚಹಾ ಸೋಸಿ ಕಂದುಬಣ್ಣಕ್ಕೆ ತಿರುಗಿದ ಬಟ್ಟೆ ತಂದುಕೊಟ್ಟರು. ಎದುರಿನ ಮರಾಠಿ ವಹಿನಿ ಗಿರಣಿಯ ನೂಲು ತಂದಳು. ಮಕ್ಕಳು ಟ್ರಾಮಿನ ಟಿಕೆಟುಗಳನ್ನು ಅಂಟಿಸಿದರು. ಹಳೆಯ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವುದರಲ್ಲಿ ಕೈ ಪಳಗಿದ, ನಮ್ಮ ಜೊತೆಗೇ ಇದ್ದ ಅತ್ತೆ ಸೂಜಿ ಹಿಡಿದು ಕುಳಿತರು, ಹೆಂಗಸರೆಲ್ಲ ಸುತ್ತ ಸೇರಿದರು. ಬಿಗುಮಾನದಲ್ಲಿದ್ದ ನಾನೂ ಕೊನೆಗೆ ಹಳೆಯ ಖಣದ ಕುಪ್ಪಸದ ತೋಳು ಕತ್ತರಿಸಿ ಕೊಟ್ಟೆ.

ನಟ್ಟ ನಡುವೆ ಮಾತ್ರ ಒಂದು ಜಾಗವನ್ನು ನಮ್ಮವರು ಬರಿದೇ ಬಿಟ್ಟಿದ್ದರು. ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ಮಗ ಕಚೇರಿಗೆ ಹೋಗಿದ್ದಾಗ "ನಡುವ ತೂತು ಬಿಟ್ಟ ಕೌದಿ ಯಾರರ ಹೊದೀತಾರೇನು?" ಎನ್ನುತ್ತ ಟ್ರಂಕು ತೆಗೆದರು. ಮಗ ಕೂಸಾಗಿದ್ದಾಗ ತಲೆಗೆ ಕಟ್ಟುತ್ತಿದ್ದ ಕೆಂಪು ಕುಂಚಿಗೆಯನ್ನು ಕತ್ತರಿಸಿ ಅಲ್ಲಿ ಹೊಲಿದೇಬಿಟ್ಟರು. ಚೆಂದಾತು ಎಂದು ನಾವೆಲ್ಲ ತಲೆದೂಗಿದೆವು.

ಸಂಜೆ ಮನೆಗೆ ಬಂದ ನಮ್ಮವರ ಮುಖ ಬಿಳಿಚಿತು. "ಅವ್ವಾ, ಆ ಬಯಲು ಬೇಕಂತನ ಬಿಟ್ಟಿದ್ದೆ" ಎಂದರು. ಬಗ್ಗಿ ನೋಡಿದಾಗ ಕುಂಚಿಗೆಯ ಗುರುತು ಸಿಕ್ಕಿತು, ಅದನ್ನು ಬಿಚ್ಚಲಿಲ್ಲ. ಹಾಗೇ ಲೋಕಲ್ ರೈಲಿನ ಸಾಮಾನು ಡಬ್ಬಿಯಲ್ಲಿ ಫೋರ್ಟಿಗೆ ಒಯ್ದರು. ಒಂದು ತುದಿ ಹಿಡಿಯಲು ಶೆಟ್ಟರೂ ಹೋದರು.

ಗ್ಯಾಲರಿಯವರಿಗೆ ಚಿತ್ರ ಬಹಳ ಹಿಡಿಸಿತಂತೆ. ನಡುವಿನ ಕೆಂಪು ತುಂಡು ತೆಗೆದು ಬಯಲು ಬಿಟ್ಟರೆ ಖಂಡಿತ ತೂಗಹಾಕುತ್ತೇವೆ ಎಂದರಂತೆ. ನಮ್ಮವರು ಮೊದಲು ಬಯಸಿದ್ದನ್ನೇ ಅವರೂ ಕೇಳಿದ್ದರು. ಆದರೂ ಚಿತ್ರ ಹೊತ್ತು ಮನೆಗೆ ಬಂದರು, ವರಾಂಡದಲ್ಲಿಟ್ಟು ಮಲಗಿದರು, ಬೆಳಿಗ್ಗೆ ಕಚೇರಿಗೆ ಹೋದರು.

ಶೆಟ್ಟರ ಬಾಯಿಂದ ವಿಷಯ ಕೇಳಿದ ಅತ್ತೆ ಮಧ್ಯಾಹ್ನ ಕೂತು ತಮ್ಮ ಹೊಲಿಗೆಯನ್ನು ತಾವೇ ಬಿಚ್ಚಿದರು. ನಾನು ತಡೆಯಲಿಲ್ಲ. ಗಂಡನ ಚಿತ್ರ ಫೋರ್ಟಿನ ಗೋಡೆ ಏರಲಿ ಎಂದು ನನಗೂ ಹಟ ಹುಟ್ಟಿತ್ತು.

"ತೆಗದೇನಪ್ಪಾ" ಎಂದರು ಅತ್ತೆ, ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ. "ನಾಳೆ ಒಯ್ದು ಕೊಡು. ನನ್ನ ಹಳೇ ಅರಿವಿ ಸಲುವಾಗಿ ನಿನ್ನ ಆಸೆ ಯಾಕ ಕೆಡಬೇಕು?"

"ಎಲ್ಲೈತಿ ಅದು?" ಎಂದು ಕೇಳಿದರು ನಮ್ಮವರು. ತುಂಡು ಕೈಗೆ ಬಂದ ಮೇಲೆ ಸೂಜಿ ಕೇಳಿದರು. ಜನ್ಮದಲ್ಲಿ ಒಂದು ಗುಂಡಿ ಹಚ್ಚಿದವರಲ್ಲ. ದಾರ ಪೋಣಿಸಲು ಹೋದ ನನ್ನ ಕೈಯನ್ನು ಸರಿಸಿ, ವರಾಂಡದಲ್ಲಿ, ಇಡೀ ಚಾಳು ನೋಡುತ್ತಿರುವಾಗ ಕುಳಿತು ಹೊಲಿದರು. ಬೆರಳಿಗೆ ಚುಚ್ಚಿಕೊಂಡರು, ಚೀಪಿದರು, ಮತ್ತೆ ಹೊಲಿದರು.

"ಸೊಟ್ಟ ಹೊಂಟೈತಿ" ಎಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

"ಇರಲಿ ಬಿಡವ್ವಾ. ಎಲ್ಲಾರೂ ಹೊಲದಾರ, ನಾನೂ ಒಂದು ಹೊಲಿಗಿ ಹಾಕಬೇಕಲ್ಲ."

ಅಂದು ನನಗಾದ ಹೆಮ್ಮೆಯನ್ನು ಹೇಳಲು ಈಗಲೂ ನಾಚಿಕೆ ಇಲ್ಲ. ಇವನು ನನ್ನ ಗಂಡ ಎಂದು ಆ ವರಾಂಡದ ಉದ್ದಕ್ಕೂ ಕೂಗಿ ಹೇಳಬೇಕೆನ್ನಿಸಿತ್ತು. ಫೋರ್ಟಿನಲ್ಲಿ ಅವರ ಚಿತ್ರ ಕೊನೆಗೂ ತೂಗಲಿಲ್ಲ. ಅದಕ್ಕಾಗಿ ಅವರು ಮತ್ತೆಂದೂ ಊಟ ಬಿಡಲೂ ಇಲ್ಲ.

ನಿನ್ನೆ ಬೇಳೆ ಹಿಡಿದು ಮನೆಗೆ ಬಂದಾಗ ಮೊಮ್ಮಗಳು ತನ್ನ ಗೆಳತಿಗೆ ಗೋಡೆಯ ಮೇಲಿನ ಆ ಚಿತ್ರ ತೋರಿಸುತ್ತಿದ್ದಳು. "ಆಜಿ, ಆರ್ಟಿಸ್ಟ್ ಕೌನ್ ಹೈ?" ಎಂದಳು ಗೆಳತಿ. ಇಷ್ಟು ವರ್ಷ ಯಾರು ಕೇಳಿದರೂ ನಮ್ಮವರ ಹೆಸರೊಂದನ್ನೇ ಹೇಳಿ ಮುಗಿಸುತ್ತಿದ್ದೆ. ನಿನ್ನೆ ಶೆಟ್ಟರಿಂದ ಶುರು ಮಾಡಿದೆ. ವಹಿನಿ, ಚಾಳಿನ ಮಕ್ಕಳು, ಅತ್ತೆ, ಖಣದ ತೋಳು ಕೊಟ್ಟ ನಾನು, ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ನಡುವಿನ ಸೊಟ್ಟ ಹೊಲಿಗೆಯ ಮೇಲೆ ಬೆರಳಿಟ್ಟು, "ಇದು ನನ್ನ ಗಂಡಂದು" ಎಂದೆ.