ಹೆಜ್ಜೇನಿಗೆ ತೊಲೆ ಇಡುವ ಥಾಮ್

ಬೆಳಕು ಹರಿಯುವ ಹೊತ್ತು. ಥಾಮ್ ಕಾಲುವೆಯಂಚಿಗೆ ದೋಣಿ ಕಟ್ಟಿ, ಮೊಣಕಾಲುದ್ದ ನೀರಲ್ಲಿ, ಜೌಗಿನಲ್ಲಿ ಬೆಳೆಯುವ ಚಾಮ್ ಮರಗಳ ನಡುವಿನ ಬಯಲಿಗೆ ನಡೆಯುತ್ತಾರೆ. ಅಲ್ಲಿ ಎರಡು ಕವೆಗಂಬಗಳ ಮೇಲೆ ಓರೆಯಾಗಿ ಇಟ್ಟ ತೊಲೆಯಿದೆ. ಮೊನ್ನೆಯವರೆಗೂ ಅದಕ್ಕೆ ಹೆಜ್ಜೇನು ಜೋತುಬಿದ್ದಿತ್ತು. ಈಗ ಉಳಿದಿರುವುದು ಮೇಣದ ಹಳದಿ ಗೀರು, ಅದರ ಮೇಲೆ ಇರುವೆ ಸಾಲು.

"ಬಂದಿಲ್ಲ," ಎನ್ನುತ್ತಾರೆ ಥಾಮ್.

ಹಿಂದೆ ನಿಂತ ಅಣ್ಣನ ಮಗಳು ದಿಯೆಪ್ ಇನ್ನೂ ಮೇಲೆಯೇ ನೋಡುತ್ತಿದ್ದಾಳೆ. "ಬಿಸಿಲು ಬಿದ್ಮೇಲೆ ಬರಬಹುದೇನೋ, ಅತ್ತೆ?"

"ಯಾಕೆ, ಸಂತೆಗೆ ಹೋಗಿದೆಯಾ ತಿರುಗಿ ಬರೋಕೆ?"

ಮೆಕಾಂಗ್ ನದಿ ಸಮುದ್ರ ಸೇರುವ ಸೀಮೆಯ ಊ ಮಿನ್ ಕಾಡಿನಲ್ಲಿ ಥಾಮ್ ಅವರದು ಸಣ್ಣ ಹಿಡುವಳಿ: ಚಾಮ್ ಮರಗಳು, ಮೀನಿನ ಹೊಂಡ, ಒಂದಿಷ್ಟು ಬಾಳೆ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲಾಗದು. ಬೆಳಗಿನ ಬಿಸಿಲು ತಾಗುವಂತೆ, ಮಳೆನೀರು ಜಾರಿಹೋಗುವಂತೆ ತೊಲೆ ಇಟ್ಟು ಕಾಯಬೇಕು. ಅಪ್ಪ ಇಡುತ್ತಿದ್ದುದು ನಲವತ್ತು ತೊಲೆ. ಥಾಮ್ ಇಡುವುದು ಹನ್ನೊಂದು. ಈ ಸಲ ಜೇನು ಕೂತಿದ್ದು ಒಂದರಲ್ಲಿ ಮಾತ್ರ. ಸುತ್ತಲಿನವರು ಜೇನಿಗೆ ಹೂವು ಕೊಡುವ ಚಾಮ್ ಕಡಿದು ಅಕೇಶಿಯಾ ನೆಟ್ಟಿದ್ದಾರೆ. ಆ ಸಾಲುಗಳಲ್ಲಿ ಹೆಜ್ಜೇನು ಕೂತಿದ್ದನ್ನು ಥಾಮ್ ಕಂಡಿಲ್ಲ. ಗಂಡ ಲುವಮ್ ಅದೇ ಅಕೇಶಿಯಾ ಕಡಿಯಲು ಕೂಲಿಗೆ ಹೋಗುತ್ತಾರೆ. ಮನೆಯಲ್ಲಿ ಆ ಮಾತು ಯಾರೂ ಎತ್ತುವುದಿಲ್ಲ.

ಪೇಟೆಯ ಸೀಗಡಿ ಕಾರ್ಖಾನೆ ಬಿಟ್ಟ ದಿಯೆಪ್ ಅಜ್ಜನ, ಅಂದರೆ ಥಾಮ್ ಅವರ ಅಪ್ಪನ, ತಿಥಿಗೆಂದು ಬಂದವಳು, ಜೇನಿನ ಕೆಲಸ ಕಲಿಯುತ್ತೇನೆಂದು ಉಳಿದುಕೊಂಡಿದ್ದಾಳೆ. ಥಾಮ್ ಹೇಳಿಕೊಟ್ಟ ಮೊದಲ ಪಾಠ: ಹುಟ್ಟಿನಲ್ಲಿ ಜೇನುತುಪ್ಪದ ಭಾಗ ತೊಲೆಯ ಎತ್ತರದ ತುದಿಗೆ, ಮರಿಗಳು ತಗ್ಗಿನ ಕಡೆಗೆ. ತುಪ್ಪ ಕೊಯ್ದು ಮರಿ ಬಿಟ್ಟರೆ ಹುಳ ನಿಂತು ಮತ್ತೆ ಕಟ್ಟುತ್ತದೆ. "ತುಪ್ಪ ನಮ್ದು, ತೊಟ್ಟಿಲು ಅವರದ್ದು" ಅನ್ನುತ್ತಿದ್ದರಂತೆ ಅಪ್ಪ. ಅದೇ ಅಪ್ಪನಿಗೆ ಬಾಳೆಹೂವಿನ ಜೊತೆ ಜೇನುಮರಿ ಕಲಸಿದ ಪಚಡಿಯೆಂದರೆ ಪ್ರಾಣ. ವರ್ಷವರ್ಷವೂ ಅವರ ಎಡೆಗೆ ಅದನ್ನಿಡುವುದು ಈ ಮನೆಯ ವಾಡಿಕೆ.

ತಿಥಿಯ ಹಿಂದಿನ ದಿನ ಅಣ್ಣ ಅಡುಗೆಮನೆಗೆ ಇಣುಕಿ ಕುಟುಕಿದ್ದರು: "ಏನೇ ಥಾಮ್, ಜೇನಿನವರ ಮನೇಲಿ ಅಪ್ಪನಿಗೆ ಅಂಗಡಿ ಹಂದಿಮಾಂಸಾನಾ?"

ಥಾಮ್ ಹೊಗೆ ಹಾಕಲು ತೆಂಗಿನ ನಾರಿನ ಸೂಡಿ ಹಚ್ಚಿಕೊಂಡು ಹೊರಟರು. ಇದ್ದ ಒಂದು ಹುಟ್ಟಿನಲ್ಲಿ ತುಪ್ಪವನ್ನೂ ಕೊಯ್ದರು, ಮರಿಗಳನ್ನೂ ಕೊಯ್ದರು.

"ಮೊದಲೆಲ್ಲ ಒಂದು ಹುಟ್ಟಿನ ಮರಿ ತೆಗೆದ್ರೆ ಕಾಡಿಗೆ ಗೊತ್ತೂ ಆಗ್ತಿರಲಿಲ್ಲ. ನನ್ನ ಕೈಗೆ ಆ ಕಾಲದ್ದೇ ಅಭ್ಯಾಸ. ಎಡೆ ಇಟ್ಟು ಕೈ ಮುಗಿಯುವಾಗ ಹೊಳೀತು, ಇದ್ದದ್ದೇ ಒಂದು ಅಂತ," ಎನ್ನುತ್ತಾರೆ. ಊಟವಾದ ಮೇಲೆ ಓಡಿಹೋಗಿ ನೋಡಿದರೆ ತೊಲೆ ಖಾಲಿ. ಪಚಡಿ ಚೆನ್ನಾಗಿತ್ತೆಂದು ಅಣ್ಣ ಈಗಲೂ ಹೇಳುತ್ತಾರೆ.

ಈಗ ಥಾಮ್ ಮತ್ತು ದಿಯೆಪ್ ತೊಲೆ ಇಳಿಸುತ್ತಾರೆ. ಥಾಮ್ ಕತ್ತಿಯ ಬೆನ್ನಿನಿಂದ ಮೇಣ ಹೆರೆದು, ಇರುವೆ ಕೊಡವಿ, ಮತ್ತೆ ಕವೆಗೇರಿಸುತ್ತಾರೆ. ಸೂರ್ಯನ ಕಡೆ ನೋಡಿ ಒಂದು ತುದಿಯನ್ನು ಬೆರಳಷ್ಟು ಸರಿಸುತ್ತಾರೆ. ಚಾಮ್ ಹೂವು ಉದುರಿ ನೀರು ಬಿಳುಪಾಗಿದೆ. ಈ ಸಲದ ಕಾಲ ಮುಗಿಯಿತು.

"ಮುಂದಿನ ವರ್ಷ ಬರುತ್ತಾ, ಅತ್ತೆ?"

"ಇಲ್ಲ ಅನ್ಸುತ್ತೆ."

"ಮತ್ತೆ ಯಾಕೆ ಸರಿಸಿದ್ರಿ?"

ಥಾಮ್ ತಗ್ಗಿನ ತುದಿಯ ಹತ್ತಿರ, ಮರಿಗಳಿದ್ದ ಜಾಗದಲ್ಲಿ, ತೊಲೆಯನ್ನು ಮುಟ್ಟಿ ಹೇಳುತ್ತಾರೆ: "ಒಂದು ಹುಟ್ಟು ಬಂದ್ರೆ ಸಾಕು. ತುಪ್ಪ ಬೇಡ. ಕತ್ತಿ ಎಲ್ಲಿ ನಿಲ್ಲಿಸ್ಬೇಕು ಅಂತ ನಿಂಗೆ ತೋರಿಸ್ಬೇಕಿತ್ತು."