ಕಾಕು ಹೇಳಿದ ಒಂದು ಸುಳ್ಳು

ಕಾಕುವಿನ ಅಂಗೈಗೆ ಸದಾ ಹರಳೆಣ್ಣೆಯ ವಾಸನೆ. ಉಗುರನ್ನು ಬುಡಮಟ್ಟ ಕತ್ತರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದೇ ಓಡಾಡುತ್ತಿದ್ದಳು. ಯಾವ ಮನೆಯಿಂದ ಯಾವಾಗ ಕರೆ ಬಂದೀತೋ. ಧಾರವಾಡ ಕಡೆಯ ಸೂಲಗಿತ್ತಿ, ಗಂಡ ಸತ್ತ ಮೇಲೆ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಒಬ್ಬಳೇ ಇದ್ದಳು. ಮಕ್ಕಳಿರಲಿಲ್ಲ; ನಾವೆಲ್ಲ ಚಿಕ್ಕಮ್ಮನೆಂದು ಕಾಕು ಅನ್ನುತ್ತಿದ್ದೆವು.

ನಾಗಪುರದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಕನ್ನಡದ ಮಕ್ಕಳೆಲ್ಲ ಆಕೆಯ ಕೈಯಲ್ಲೇ ಹುಟ್ಟಿದವರು, ನನ್ನೊಬ್ಬಳನ್ನು ಬಿಟ್ಟು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ. ಅವ್ವ ಆಗ ಪೋರ್ಚುಗೀಸರ ಕೈಯಲ್ಲಿದ್ದ ಗೋವೆಯ ಮಡಗಾಂವಿಗೆ ಹೋಗಿದ್ದಳು. ಅಜ್ಜ ಅಲ್ಲಿ ಅರಿವೆ ಅಂಗಡಿ ಇಟ್ಟಿದ್ದ. ತಮ್ಮಂದಿರಿಬ್ಬರು ಇಲ್ಲೇ ಹುಟ್ಟಿದರು. ದೀಪಾವಳಿಗೆ ಕಾಕು ಅವರ ನೆತ್ತಿಗೆ ಎಣ್ಣೆ ಒತ್ತುತ್ತ, "ಇವು ನನ್ನ ಕೈಯಾಗಿನ ಕೂಸು" ಎನ್ನುವಳು. ನನಗೂ ಒತ್ತುವಳು, ಆದರೆ "ನೀ ಫಿರಂಗ್ಯಾರ ಹುಡುಗಿ" ಎಂದು ಕಾಡಿಸುವಳು. ಎಲ್ಲರೂ ನಗುತ್ತಿದ್ದರು. ನಾನು ಮಾತ್ರ ಎದ್ದು ಒಳಗೆ ಹೋಗುತ್ತಿದ್ದೆ.

ಸುಳ್ಳೆಂದರೆ ಆಕೆಗೆ ಆಗದು. ಒಂದು ಮನೆಯಲ್ಲಿ ಮೂಲಾ ನಕ್ಷತ್ರದಲ್ಲಿ ಹೆಣ್ಣು ಹುಟ್ಟಿತು. ಹುಟ್ಟಿದ ಹೊತ್ತನ್ನು ತುಸು ಮುಂದಕ್ಕೆ ಹೇಳು, ಸೀರೆ ಉಡಿಸುತ್ತೇವೆ ಎಂದು ಮನೆಯವರು ಗೋಗರೆದರು. "ಕೂಸು ಬಂದ ಹೊತ್ತು ಕೂಸಿಂದು. ಅದನ್ನ ತಿದ್ದಾಕ ನಾ ಯಾರು?" ಎಂದು ಎದ್ದು ಬಂದಳು. ಆ ಮನೆಯವರು ಮತ್ತೆ ಕರೆಯಲಿಲ್ಲ. ಈಕೆ ಕ್ಯಾರೇ ಅನ್ನಲಿಲ್ಲ.

ನಾನು ಮೆಟ್ರಿಕ್ ಮುಗಿಸಿ ಶಿಕ್ಷಕಿಯರ ತರಬೇತಿಗೆ ಅರ್ಜಿ ಹಾಕಿದ ವರ್ಷ ಗೋವೆಯ ಗಡಿ ಬಿಗಿಯಾಗಿತ್ತು. ಹುಟ್ಟಿದ್ದು ಪೋರ್ಚುಗೀಸರ ನೆಲದಲ್ಲಿ, ಆದ್ದರಿಂದ ಪರದೇಶಿ, ಸರಕಾರಿ ಸೀಟು ಕೊಡಲಾಗದು ಎಂದರು ಕಚೇರಿಯವರು. ಒಂದೇ ತಾಟಿನಲ್ಲಿ ಉಂಡ ತಮ್ಮಂದಿರು ಈ ದೇಶದವರು, ನಾನಲ್ಲ. ಎಂಥ ನ್ಯಾಯವೋ. ಅಪ್ಪ "ಲಗ್ನ ಮಾಡಿದರಾಯಿತು" ಎಂದು ಕೈಚೆಲ್ಲಿದ. ನಾನು ಊಟ ಬಿಟ್ಟು ಮಲಗಿದೆ.

ಮರುದಿನ ಕಾಕು ನನ್ನನ್ನೂ ಅವ್ವನನ್ನೂ ಸಿವಿಲ್ ಲೈನ್ಸಿನ ಕಚೇರಿಗೆ ಎಳೆದುಕೊಂಡು ಹೋದಳು. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಸಾಹೇಬರಿಗೆ ಹೇಳಿದಳು: "ಮೊದಲನೇ ಕೂಸು ಅಂದ್ರ ತವರೂರಿನ ಹೆಸರು ಬರಸೂದು ನಮ್ಮ ರೂಢಿ ಸಾಹೇಬ್ರ. ಬರೋಬರ್ ಹೇಳಬೇಕಂದ್ರ ಇಕಿ ಹುಟ್ಟಿದ್ದು ಇಲ್ಲೇ. ನನ್ನ ಕೈಯಾಗ."

ಸಾಹೇಬರು ಅವ್ವನ ಕಡೆ ತಿರುಗಿ, "ಖರೇನಾ?" ಎಂದರು. ಅವ್ವ ನೆಲ ನೋಡುತ್ತಲೇ ಹೌದೆಂದು ತಲೆಯಾಡಿಸಿದಳು.

ಸೀಟು ಸಿಕ್ಕಿತು. ಮೆಟ್ಟಿಲಿಳಿಯುವಾಗ ಅವ್ವ ಕಾಕುವಿಗೆ, "ನಮ್ಮವ್ವ ಮಾಡಿದ ಬಾಣಂತನ ಅಳಿಸಿದಿ, ನನಗ ತವರ ಇಲ್ಲಂಗ ಮಾಡಿದಿ" ಎಂದಳು. ಆಗ ಗಡಿಯಾಚೆ ಅಜ್ಜಿ ಹಾಸಿಗೆ ಹಿಡಿದಿದ್ದಳು, ನೋಡಲು ಹೋಗುವಂತಿರಲಿಲ್ಲ. ಅವತ್ತಿನಿಂದ ಅವ್ವ ಕಾಕುವಿನ ಜೊತೆ ಮಾತು ಬಿಟ್ಟಳು. ಕಾಕು ಎರಡು ಸಲ ಬಾಗಿಲಿಗೆ ಬಂದು, ನಿಂತು, ಹೋದಳು. ಅಜ್ಜಿ ತೀರಿಕೊಂಡ ಸುದ್ದಿ ಬಂದ ಮೇಲೆ ಅದೂ ನಿಂತಿತು.

ಕರೆ ಬಂದಲ್ಲಿಗೆ ಕಾಕು ಹೆರಿಗೆಗೆ ಹೋಗುತ್ತಿದ್ದಳು ನಿಜ. ಆದರೆ ಯಾರಾದರೂ ಕೂಸು ಹುಟ್ಟಿದ ಹೊತ್ತು ಕೇಳಿದರೆ, "ಬ್ಯಾರೇದವರನ್ನ ಕೇಳ್ರಿ, ನನ್ನ ಮಾತು ಕೆಟ್ಟೈತಿ" ಎನ್ನುತ್ತಿದ್ದಳಂತೆ. ರಜೆಯಲ್ಲಿ ಬಂದಾಗ ನಾನು ಕದ್ದು ಆಕೆಯ ಖೋಲಿಗೆ ಹೋಗುತ್ತಿದ್ದೆ. "ಹೋಗವಾ, ನಿಮ್ಮವ್ವ ನೊಂದಾಳು" ಎಂದು ಎಬ್ಬಿಸಿ ಕಳಿಸುತ್ತಿದ್ದಳು.

ವರ್ಧಾದ ಶಾಲೆಯಲ್ಲಿ ನಾನು ಶಿಕ್ಷಕಿಯಾಗಿ ಸೇರಿದ ವರ್ಷವೇ ಕಾಕು ತೀರಿಹೋದಳು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಖೋಲಿಯ ಹೊಸ್ತಿಲಲ್ಲಿ ಅವ್ವ ಒದ್ದೆ ಸೀರೆಯಲ್ಲೇ ಕೂತಿದ್ದಳು.

"ಕಡೀಗೆ ಆಕಿ ಮೈ ತೊಳದಾಕಿ ನಾನ," ಎಂದಳು. "ಜೀವ ಇದ್ದಾಗ ಒಂದು ಮಾತು ಆಡಲಿಲ್ಲ ನೋಡು."